ವಿಎಂಗಳು ಏದುಸಿರು ಬಿಡುವ ಮುನ್ನ: ವರ್ಚುವಲ್ ಮಷಿನ್ ಕ್ಲಸ್ಟರ್‌ಗೆ ಸಾಮರ್ಥ್ಯ ಯೋಜನೆ, ಹಂತ ಹಂತವಾಗಿ

ಹೋಸ್ಟ್‌ನ, ಅಂದರೆ ಹಲವು ವರ್ಚುವಲ್ ಮಷಿನ್‌ಗಳನ್ನು (ವಿಎಂ) ಹೊತ್ತ ಭೌತಿಕ ಸರ್ವರ್‌ನ, ಸಿಪಿಯು ಬಳಕೆ ದಿನದ ಸರಾಸರಿಯಲ್ಲಿ 45% ಎಂದು ಗ್ರಾಫ್ ತೋರಿಸುತ್ತದೆ. ಬಳಕೆದಾರರು ಮಾತ್ರ ಪರದೆ ತಿರುಗುತ್ತಲೇ ಇದೆ ಎಂದು ದೂರುತ್ತಾರೆ. ಅಡ್ಮಿನ್ 4 ವಿಸಿಪಿಯು (ವಿಎಂಗೆ ಕಾಣುವ ವರ್ಚುವಲ್ ಕೋರ್) ಇದ್ದ ವಿಎಂಗೆ 8 ಕೊಡುತ್ತಾರೆ. ಮರುದಿನ ಅದು ಇನ್ನಷ್ಟು ನಿಧಾನ, ಜೊತೆಗೆ ಅದೇ ಹೋಸ್ಟ್‌ನಲ್ಲಿರುವ ಬೇರೆ ವಿಎಂಗಳೂ ಎಳೆಯತೊಡಗುತ್ತವೆ. ಕೊನೆಗೆ ಹೊಸ ಸರ್ವರ್‌ಗೆ ಇಂಡೆಂಟ್ ಹೋಗುತ್ತದೆ. ಸರ್ವರ್ ಬಂದ ಆರು ತಿಂಗಳಿಗೆ ಕಥೆ ಮತ್ತೆ ಮೊದಲಿಂದ.

ಎಡವುವುದು ಕ್ರಮದಲ್ಲಿ. ಮೊದಲು ಅಳೆಯಬೇಕು, ಆಮೇಲೆ ದಪ್ಪಗಾದ ವಿಎಂಗಳನ್ನು ಇಳಿಸಬೇಕು, ನಂತರ ಒಂದು ಹೋಸ್ಟ್ ಬಿದ್ದ ಸ್ಥಿತಿಗೆ ಲೆಕ್ಕ ಹಾಕಬೇಕು. ಖರೀದಿ ಕಟ್ಟಕಡೆಯದು. ಅಳೆಯುವಾಗಲೂ ಎಷ್ಟು ಬಳಕೆಯಾಗುತ್ತಿದೆ ಎನ್ನುವುದಕ್ಕಿಂತ ಯಾರು ಎಷ್ಟು ಹೊತ್ತು ಕಾಯುತ್ತಿದ್ದಾರೆ ಎನ್ನುವುದು ಮುಖ್ಯ.

ಕೆಳಗಿನ ಹಂತಗಳು ವಿಎಂವೇರ್ ವಿಸ್ಫಿಯರ್ ಕ್ಲಸ್ಟರ್ (ಒಟ್ಟಾಗಿ ನಡೆಯುವ ಹೋಸ್ಟ್‌ಗಳ ಗುಂಪು) ನಡೆಸುವವರಿಗೆ ಬರೆದವು. ಕೆವಿಎಂ, ಪ್ರಾಕ್ಸ್‌ಮಾಕ್ಸ್, ಹೈಪರ್-ವಿ ಬಳಸುವವರಿಗೂ ಲೆಕ್ಕ ಇದೇ; ಅಳತೆಗಳ ಹೆಸರು ಬೇರೆ ಇರುವಲ್ಲಿ ಹೇಳಿದ್ದೇವೆ. ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ: 4 ಹೋಸ್ಟ್‌ಗಳು, ಪ್ರತಿಯೊಂದರಲ್ಲೂ 16 ಕೋರ್‌ನ 2 ಪ್ರೊಸೆಸರ್, 512 ಜಿಬಿ ಮೆಮೊರಿ. ಅವುಗಳ ಮೇಲೆ 110 ವಿಎಂಗಳು. ಎಲ್ಲಕ್ಕೂ ಸೇರಿ ಹಂಚಿರುವುದು 420 ವಿಸಿಪಿಯು, 1500 ಜಿಬಿ ಮೆಮೊರಿ.

ಕೈಯಲ್ಲಿ ಇರಬೇಕಾದವು

ವಿಸ್ಫಿಯರ್‌ನ ನಿರ್ವಹಣಾ ಸರ್ವರ್ ಆದ ವಿಸೆಂಟರ್‌ಗೆ ಓದುವ ಅನುಮತಿ. ಹೋಸ್ಟ್‌ಗೆ ಎಸ್‌ಎಸ್‌ಎಚ್ ಮೂಲಕ ಹೋಗಿ ಇಎಸ್‌ಎಕ್ಸ್‌ಟಾಪ್ (ಹೋಸ್ಟ್‌ನ ಆ ಕ್ಷಣದ ಅಳತೆ ತೋರಿಸುವ ಆಜ್ಞೆ) ನಡೆಸುವ ಅವಕಾಶ. ವಿಎಂ ಒಳಗೆ ವಿಂಡೋಸ್ ಆದರೆ ಪರ್ಫ್‌ಮಾನ್, ಲಿನಕ್ಸ್ ಆದರೆ ವಿಎಂಸ್ಟಾಟ್ ಮತ್ತು ಸಾರ್. ಸ್ಟೋರೇಜ್ ಪೆಟ್ಟಿಗೆಯ ಸ್ವಂತ ಡ್ಯಾಶ್‌ಬೋರ್ಡ್‌ಗೆ ಲಾಗಿನ್. ಒಂದು ಎಕ್ಸೆಲ್ ಹಾಳೆ. ಕೆವಿಎಂನವರಿಗೆ ವಿರ್ಶ್ ಡೊಮ್‌ಸ್ಟಾಟ್ಸ್ ಸಾಕು. ಇತಿಹಾಸ ಬೇಕೆಂದರೆ ಪ್ರೊಮೀಥಿಯಸ್ ಹಾಕಿಕೊಳ್ಳಿ.

ಇವೆಲ್ಲದರ ಜೊತೆ ಒಂದು ಕ್ಯಾಲೆಂಡರ್ ಬೇಕು. ಇದನ್ನೇ ಹೆಚ್ಚಿನವರು ಮರೆಯುತ್ತಾರೆ. ಸಂಬಳದ ಬ್ಯಾಚ್ ಯಾವ ರಾತ್ರಿ ಓಡುತ್ತದೆ, ಜಿಎಸ್‌ಟಿ ರಿಟರ್ನ್‌ನ 20ನೇ ತಾರೀಖಿನ ಒತ್ತಡ ಯಾವ ಸರ್ವರ್ ಮೇಲೆ ಬೀಳುತ್ತದೆ, ಮಾರ್ಚ್ 31ಕ್ಕೆ ಏನಾಗುತ್ತದೆ, ಬ್ಯಾಕಪ್ ಎಷ್ಟು ಗಂಟೆಗೆ ಶುರು, ಶಾಲಾ ಕಾಲೇಜಿನ ಪೋರ್ಟಲ್ ಆದರೆ ಫಲಿತಾಂಶದ ದಿನ ಯಾವುದು. ಇದನ್ನು ಅಕೌಂಟ್ಸ್ ಮತ್ತು ಅಪ್ಲಿಕೇಶನ್ ತಂಡದವರನ್ನು ಕೇಳಿಯೇ ಬರೆದುಕೊಳ್ಳಬೇಕು, ಗ್ರಾಫ್ ನೋಡಿ ಊಹಿಸಬಾರದು.

ಹಂತ 1: ಅಳೆಯುವ ಮುನ್ನ ಕಸ ಗುಡಿಸಿ

ಕೆಟ್ಟ ಸೆಟ್ಟಿಂಗ್ ಇರುವ ಕ್ಲಸ್ಟರ್‌ನಲ್ಲಿ ತೆಗೆದ ಅಳತೆ ಆ ಸೆಟ್ಟಿಂಗ್‌ನ ಅಳತೆಯೇ ಹೊರತು ಕೆಲಸದ ಅಳತೆಯಲ್ಲ. ನಾಲ್ಕು ಕಡೆ ನೋಡಿ.

ಮೊದಲನೆಯದು ಬಯೋಸ್‌ನ ಪವರ್ ಸೆಟ್ಟಿಂಗ್. ಸರ್ವರ್ ವಿದ್ಯುತ್ ಉಳಿಸುವ ಮೋಡ್‌ನಲ್ಲಿದ್ದರೆ ಕೋರ್‌ಗಳು ಪೂರ್ತಿ ವೇಗಕ್ಕೆ ಏರುವುದೇ ಇಲ್ಲ. ಹೈ ಪರ್ಫಾರ್ಮೆನ್ಸ್‌ಗೆ ಹಾಕಿ, ಇಲ್ಲವೇ ನಿಯಂತ್ರಣವನ್ನು ಹೈಪರ್‌ವೈಸರ್‌ಗೆ (ವಿಎಂಗಳನ್ನು ಓಡಿಸುವ ತಂತ್ರಾಂಶ) ಬಿಡಿ. ನಾಲ್ಕೂ ಹೋಸ್ಟ್‌ಗಳಲ್ಲಿ ಒಂದೇ ರೀತಿ ಇರಲಿ.

ಎರಡನೆಯದು ಯಾರೋ ಯಾವಾಗಲೋ ಹಾಕಿ ಮರೆತ ಲಿಮಿಟ್. ಟೆಂಪ್ಲೇಟ್‌ನಲ್ಲಿ 8 ಜಿಬಿ ಮೆಮೊರಿ ಲಿಮಿಟ್ ಇತ್ತು ಎಂದುಕೊಳ್ಳಿ. ಅದರಿಂದ ಮಾಡಿದ ವಿಎಂಗೆ ಆಮೇಲೆ 32 ಜಿಬಿ ಕೊಟ್ಟರೂ ಲಿಮಿಟ್ 8ರಲ್ಲೇ ನಿಂತಿರುತ್ತದೆ. ಹೋಸ್ಟ್‌ನಲ್ಲಿ ಮೆಮೊರಿ ಧಾರಾಳ ಖಾಲಿ ಇದ್ದರೂ ಆ ವಿಎಂ ಒಂದೇ ಸ್ವ್ಯಾಪ್ ಆಗುತ್ತಿರುತ್ತದೆ, ಅಂದರೆ ಅದರ ಮೆಮೊರಿ ಪುಟಗಳು ಡಿಸ್ಕ್‌ಗೆ ಹೋಗುತ್ತಿರುತ್ತವೆ. ಸಿಪಿಯು ಲಿಮಿಟ್ ಇದ್ದರೆ ಇಎಸ್‌ಎಕ್ಸ್‌ಟಾಪ್‌ನ ಎಂಎಲ್‌ಎಂಟಿಡಿ ಕಾಲಂ ಸೊನ್ನೆಗಿಂತ ಮೇಲೆ ಏಳುತ್ತದೆ. ಬೇಡದ ಲಿಮಿಟ್‌ಗಳನ್ನೆಲ್ಲ ತೆಗೆಯಿರಿ.

ಮೂರನೆಯದು ವಿಎಂ ಒಳಗೆ ಹಾಕುವ ವಿಎಂವೇರ್ ಟೂಲ್ಸ್. ಅದು ಓಡದ ವಿಎಂನಲ್ಲಿ ಬಲೂನಿಂಗ್, ಅಂದರೆ ವಿಎಂ ಬಳಸದ ಮೆಮೊರಿಯನ್ನು ಹೋಸ್ಟ್ ಮರಳಿ ಪಡೆಯುವುದು, ಸಾಧ್ಯವಿಲ್ಲ. ಮೆಮೊರಿ ಬಿಗಿಯಾದರೆ ಹೋಸ್ಟ್ ಅದರ ಪುಟಗಳನ್ನು ಒತ್ತಿ ಸಣ್ಣದು ಮಾಡುತ್ತದೆ, ಇಲ್ಲವೇ ಡಿಸ್ಕ್‌ಗೆ ತಳ್ಳುತ್ತದೆ. ನಾಲ್ಕನೆಯದು ಹಳೆಯ ಸ್ನ್ಯಾಪ್‌ಶಾಟ್‌ಗಳು, ಅಂದರೆ ಬೇಕಾದಾಗ ಹಿಂದಿರುಗಲು ಹಿಡಿದಿಟ್ಟ ವಿಎಂನ ಸ್ಥಿತಿ. ವಿಎಂವೇರ್‌ನ ಸಲಹೆ 72 ಗಂಟೆಗಿಂತ ಹೆಚ್ಚು ಇಡಬೇಡಿ ಎಂದು. ಪ್ಯಾಚ್ ಹಾಕುವ ಮುನ್ನ ತೆಗೆದು ತಿಂಗಳುಗಟ್ಟಲೆ ಬಿಟ್ಟ ಸ್ನ್ಯಾಪ್‌ಶಾಟ್ ಡೇಟಾಸ್ಟೋರ್ (ವಿಎಂ ಕಡತಗಳಿರುವ ಸ್ಟೋರೇಜ್) ಜಾಗವನ್ನೂ ನುಂಗುತ್ತದೆ, ಡಿಸ್ಕ್ ವೇಗವನ್ನೂ ಕುಗ್ಗಿಸುತ್ತದೆ. ದೊಡ್ಡ ಸ್ನ್ಯಾಪ್‌ಶಾಟ್ ಅಳಿಸುವುದೂ ಭಾರದ ಕೆಲಸವೇ, ಹಗಲು ಹೊತ್ತಿನಲ್ಲಿ ಮಾಡಬೇಡಿ.

ರಿಸೋರ್ಸ್ ಪೂಲ್‌ಗಳನ್ನು (ಸಿಪಿಯು, ಮೆಮೊರಿ ಪಾಲು ಹಂಚುವ ಗುಂಪುಗಳು) ಫೋಲ್ಡರ್‌ಗಳಂತೆ ಬಳಸಿದ್ದರೆ ಅದನ್ನೂ ಈಗಲೇ ಬಿಡಿಸಿ. ಹೈ ಎಂದು ಗುರುತಿಸಿದ ಪೂಲ್‌ಗೆ ಸಿಪಿಯು ಪಾಲು 8000, ಲೋ ಪೂಲ್‌ಗೆ 2000. ಹೈನಲ್ಲಿ 40 ವಿಎಂ, ಲೋದಲ್ಲಿ 4 ವಿಎಂ ಇದ್ದರೆ ತಲೆಗೆ ಸಿಗುವುದು 200 ಮತ್ತು 500. ಪೈಪೋಟಿ ಬಂದಾಗ ನಿಮ್ಮ ಮುಖ್ಯ ಸರ್ವರ್‌ಗಳೇ ಸೋಲುತ್ತವೆ.

ಹಂತ 2: ಶಿಖರಗಳು ಉಳಿಯುವಂತೆ ದತ್ತಾಂಶ ಕೂಡಿಡಿ

ಕನಿಷ್ಠ 30 ದಿನ, ಆದರೆ ಅದರೊಳಗೆ ಒಂದು ತಿಂಗಳ ಕೊನೆ ಬರಲೇಬೇಕು. ವಿಸೆಂಟರ್‌ನ ಗ್ರಾಫ್ ಇಲ್ಲಿ ಮೋಸ ಮಾಡುತ್ತದೆ. 20 ಸೆಕೆಂಡಿನ ನೈಜ ಅಳತೆ ಉಳಿಯುವುದು ಒಂದು ಗಂಟೆ ಮಾತ್ರ. ಡಿಫಾಲ್ಟ್ ಸೆಟ್ಟಿಂಗ್‌ನಲ್ಲಿ ಆಮೇಲೆ ಒಂದು ದಿನದ ಗ್ರಾಫ್ 5 ನಿಮಿಷದ ಸರಾಸರಿ, ವಾರದ್ದು 30 ನಿಮಿಷದ್ದು, ತಿಂಗಳದ್ದು 2 ಗಂಟೆಯದ್ದು, ವರ್ಷದ್ದು ಇಡೀ ದಿನದ ಸರಾಸರಿ. ಬೆಳಿಗ್ಗೆ 10ಕ್ಕೆ ಹತ್ತು ನಿಮಿಷ 100% ತಲುಪಿದ ವಿಎಂ ತಿಂಗಳ ಗ್ರಾಫ್‌ನಲ್ಲಿ ಸಾಧುವಿನಂತೆ ಕಾಣುತ್ತದೆ.

ಹಾಗಾಗಿ ದಿನದ ಗ್ರಾಫ್ ಅನ್ನು ದಿನವೂ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ, ಅಥವಾ 5 ನಿಮಿಷದ ಅಳತೆಯನ್ನು ತಿಂಗಳುಗಟ್ಟಲೆ ಉಳಿಸುವ ಉಪಕರಣ ಹಾಕಿ. ಕ್ಯಾಲೆಂಡರ್‌ನಲ್ಲಿ ಗುರುತಿಸಿದ ಒತ್ತಡದ ಹೊತ್ತಿಗೆ ಇಎಸ್‌ಎಕ್ಸ್‌ಟಾಪ್ ಅನ್ನು ಬ್ಯಾಚ್ ಮೋಡ್‌ನಲ್ಲಿ 20 ಸೆಕೆಂಡಿಗೊಮ್ಮೆ 180 ಸಲ ಓಡಿಸಿ. ಸರಿಯಾಗಿ ಒಂದು ಗಂಟೆಯ ಚಿತ್ರ ಸಿಗುತ್ತದೆ.

ಸರಾಸರಿಯ ಬದಲು 95ನೇ ಪರ್ಸೆಂಟೈಲ್ ತೆಗೆಯಿರಿ: ಅಳತೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದಾಗ ನೂರರಲ್ಲಿ 95ನೆಯದು. ಇದರಲ್ಲೂ ಒಂದು ಗುಂಡಿ ಇದೆ. 30 ದಿನವೆಂದರೆ 720 ಗಂಟೆ, ಅದರ 5% ಎಂದರೆ 36 ಗಂಟೆ. ತಿಂಗಳಿಗೊಮ್ಮೆ 6 ಗಂಟೆ ಓಡುವ ಸಂಬಳದ ಬ್ಯಾಚ್ ಪೂರ್ತಿಯಾಗಿ ಆ ಬಿಟ್ಟುಬಿಟ್ಟ 36 ಗಂಟೆಯೊಳಗೆ ಮಾಯವಾಗುತ್ತದೆ. ಆದ್ದರಿಂದ ಕೆಲಸದ ಹೊತ್ತಿಗೊಂದು, ಬ್ಯಾಚ್ ಓಡುವ ಹೊತ್ತಿಗೊಂದು ಎಂದು ಬೇರೆ ಬೇರೆ ಲೆಕ್ಕ ಮಾಡಿ.

ಹಂತ 3: ಸಿಪಿಯುಗಾಗಿ ಕಾಯುತ್ತಿರುವವರನ್ನು ಹುಡುಕಿ

ವಿಎಂಗೆ ಓಡಲು ಕೆಲಸವಿದೆ, ಆದರೆ ಕೋರ್ ಸಿಕ್ಕಿಲ್ಲ. ಆ ಹೊತ್ತೇ ಸಿಪಿಯು ರೆಡಿ. ವಿಸೆಂಟರ್ ಇದನ್ನು ಮಿಲಿಸೆಕೆಂಡ್‌ನಲ್ಲಿ ಕೊಡುತ್ತದೆ, ಶೇಕಡಾವಾರು ನೀವೇ ಮಾಡಿಕೊಳ್ಳಬೇಕು. ನೈಜ ಸಮಯದ ಗ್ರಾಫ್‌ನಲ್ಲಿ 4 ವಿಸಿಪಿಯು ವಿಎಂಗೆ 4000 ಮಿಲಿಸೆಕೆಂಡ್ ಕಂಡರೆ, 20 ಸೆಕೆಂಡ್ ಅಂದರೆ 20,000 ಮಿಲಿಸೆಕೆಂಡ್‌ನಿಂದ ಭಾಗಿಸಿ: 20%. ಅದನ್ನು 4ರಿಂದ ಭಾಗಿಸಿ: ಪ್ರತಿ ವಿಸಿಪಿಯುಗೆ 5%. ದಿನದ ಗ್ರಾಫ್‌ನಲ್ಲಿ ಅದೇ 4000 ಕಂಡರೆ ಭಾಜಕ 300 ಸೆಕೆಂಡ್, ಒಟ್ಟು ಬರುವುದು 1.3% ಮಾತ್ರ. ಗ್ರಾಫ್ ಬದಲಾದರೂ ಭಾಜಕ ಬದಲಾಯಿಸದೆ ಗಾಬರಿಬಿದ್ದವರು, ಅಥವಾ ನೆಮ್ಮದಿಯಾಗಿ ಕುಳಿತವರು ಬಹಳ.

ಪ್ರತಿ ವಿಸಿಪಿಯುಗೆ 5%ಕ್ಕಿಂತ ಕೆಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. 5 ರಿಂದ 10% ಎಚ್ಚರಿಕೆ. 10% ದಾಟಿ ನಿಂತರೆ ಬಳಕೆದಾರರಿಗೆ ತಟ್ಟುತ್ತದೆ. ದನಿ ಮತ್ತು ವಿಡಿಯೊ ಸರ್ವರ್‌ಗಳಿಗೆ 5% ಕೂಡ ಹೆಚ್ಚಾಯಿತು.

ಜೊತೆಗೆ ಕೋ-ಸ್ಟಾಪ್ ನೋಡಿ. ಹಲವು ವಿಸಿಪಿಯುಗಳಿರುವ ವಿಎಂನಲ್ಲಿ ಕೆಲವು ಮುಂದೆ ಓಡಿ ಉಳಿದವು ಹಿಂದೆ ಬಿದ್ದರೆ, ಮುಂದಿನವನ್ನು ಹೈಪರ್‌ವೈಸರ್ ತಡೆದು ನಿಲ್ಲಿಸುತ್ತದೆ. ಇದು 3% ದಾಟಿದರೆ ಸಾಮಾನ್ಯವಾಗಿ ಆ ವಿಎಂಗೆ ವಿಸಿಪಿಯು ಜಾಸ್ತಿಯಾಗಿದೆ ಎಂದು ಅರ್ಥ. ಮೊದಲಲ್ಲಿ ಹೇಳಿದ ಅಡ್ಮಿನ್ 4 ಇದ್ದದ್ದನ್ನು 8 ಮಾಡಿ ಕೆಡಿಸಿಕೊಂಡದ್ದು ಇಲ್ಲೇ.

ಕೆವಿಎಂ ವಿಎಂ ಒಳಗೆ ಟಾಪ್ ಓಡಿಸಿದಾಗ ಕಾಣುವ ಎಸ್‌ಟಿ ಕಾಲಂ, ಅಂದರೆ ಸ್ಟೀಲ್ ಟೈಮ್, ಇದಕ್ಕೆ ಸಮಾನ. ಹೈಪರ್-ವಿಯಲ್ಲಿ ಸಿಪಿಯು ವೇಟ್ ಟೈಮ್ ಪರ್ ಡಿಸ್ಪ್ಯಾಚ್ ಎಂಬ ಕೌಂಟರ್ ನೋಡಬೇಕು. ಲಿನಕ್ಸ್ ಕರ್ನೆಲ್ 4.20ರಿಂದ ಈಚೆಗೆ ಪ್ರಾಕ್ ಅಡಿಯಲ್ಲಿ ಪ್ರೆಶರ್ ಎಂಬ ಕಡತಗಳು ಬಂದಿವೆ. ಸಿಪಿಯು, ಮೆಮೊರಿ, ಡಿಸ್ಕ್ ಮೂರಕ್ಕೂ ಕಾಯುವ ಹೊತ್ತನ್ನು ನೇರವಾಗಿ ಹೇಳುತ್ತವೆ.

ಹಂತ 4: ಮೆಮೊರಿಯಲ್ಲಿ ಯಾವ ಅಂಕಿ ನಂಬಬೇಕು

ಕನ್ಸ್ಯೂಮ್ಡ್ ಎಂಬ ಅಂಕಿ ಹೆಚ್ಚು ಹೇಳುತ್ತದೆ: ವಿಎಂ ಒಮ್ಮೆ ಮುಟ್ಟಿದ ಪುಟವೆಲ್ಲ ಅದರಲ್ಲಿ ಸೇರಿರುತ್ತದೆ. ವಿಂಡೋಸ್ ಬೂಟ್ ಆಗುವಾಗಲೇ ಪುಟಗಳನ್ನೆಲ್ಲ ಸೊನ್ನೆ ಮಾಡುವುದರಿಂದ ಅದು ಕೊಟ್ಟಷ್ಟನ್ನೂ ತಿಂದಂತೆ ಕಾಣಬಹುದು. ಆಕ್ಟಿವ್ ಎಂಬ ಅಂಕಿ ಕಡಿಮೆ ಹೇಳುತ್ತದೆ: ಅದು ಈಚಿನ ಕೆಲವು ನಿಮಿಷಗಳಲ್ಲಿ ಮುಟ್ಟಿದ ಪುಟಗಳ ಅಂದಾಜು. ಡೇಟಾಬೇಸ್ ತನ್ನ ಕ್ಯಾಶ್‌ನಲ್ಲಿ 40 ಜಿಬಿ ಹಿಡಿದಿದ್ದು ಈ ಹೊತ್ತು 4 ಜಿಬಿ ಮಾತ್ರ ಮುಟ್ಟಿದ್ದರೆ, ಆಕ್ಟಿವ್ ನೋಡಿ ಕತ್ತರಿಸಿದವರ ವಿಎಂ ಮರುದಿನ ಡಿಸ್ಕ್ ಓದುತ್ತ ಕೂರುತ್ತದೆ.

ನಂಬಬೇಕಾದ್ದು ವಿಎಂ ಒಳಗಿನ ಅಂಕಿ. ಲಿನಕ್ಸ್‌ನಲ್ಲಿ ಫ್ರೀ ಆಜ್ಞೆಯ ಅವೈಲಬಲ್ ಕಾಲಂ ನೋಡಿ, ಫ್ರೀ ಕಾಲಂ ಅಲ್ಲ. ವಿಎಂಸ್ಟಾಟ್‌ನ ಎಸ್‌ಐ, ಎಸ್‌ಒ ಸೊನ್ನೆಯಲ್ಲೇ ಇರಬೇಕು. ವಿಂಡೋಸ್‌ನಲ್ಲಿ ಅವೈಲಬಲ್ ಎಂಬೈಟ್ಸ್. ಹೋಸ್ಟ್ ಮಟ್ಟದಲ್ಲಿ ಇಎಸ್‌ಎಕ್ಸ್‌ಟಾಪ್‌ನಲ್ಲಿ ಎಂ ಒತ್ತಿ. ಬಲೂನ್ ಅಳತೆ ಸೊನ್ನೆಗಿಂತ ಹೆಚ್ಚಾಗಿದ್ದರೆ ಹೋಸ್ಟ್ ಒತ್ತಡಕ್ಕೆ ಸಿಕ್ಕಿತ್ತು. ಸ್ವ್ಯಾಪ್ ಓದುವ ದರ ಸೊನ್ನೆಗಿಂತ ಮೇಲಿದ್ದರೆ ಈ ಕ್ಷಣವೇ ಯಾವುದೋ ವಿಎಂ ನರಳುತ್ತಿದೆ. ಸ್ವ್ಯಾಪ್ ಆಗಿರುವ ಗಾತ್ರ ಮಾತ್ರ ಕಂಡು ಓದುವ ದರ ಸೊನ್ನೆ ಇದ್ದರೆ ಅದು ಹಳೆಯ ಗಾಯ, ಆತುರ ಬೇಡ.

ಜಾವಾ ಸರ್ವರ್‌ಗಳಿಗೆ ಪೂರ್ತಿ ಮೆಮೊರಿ ರಿಸರ್ವ್ ಮಾಡಿಬಿಡಿ, ಅಂದರೆ ಬೇರೆ ವಿಎಂಗೆ ಹೋಗದಂತೆ ಮೀಸಲಿಡಿ. ಗಾರ್ಬೇಜ್ ಕಲೆಕ್ಷನ್ (ಬೇಡದ ದತ್ತಾಂಶ ತೆರವು ಮಾಡುವ ಕೆಲಸ) ಬಂದಾಗ ಹೀಪ್, ಅಂದರೆ ಜಾವಾ ಹಿಡಿದ ಮೆಮೊರಿ, ಉದ್ದಕ್ಕೂ ಓಡಾಡುತ್ತದೆ. ಅದರಲ್ಲಿ ಒಂದು ಭಾಗ ಹೋಸ್ಟ್‌ನ ಸ್ವ್ಯಾಪ್‌ನಲ್ಲಿದ್ದರೂ ಅಪ್ಲಿಕೇಶನ್ ನಿಂತುಹೋದಂತಾಗುತ್ತದೆ. ವಿಎಂಗಳ ನಡುವೆ ಒಂದೇ ಬಗೆಯ ಪುಟಗಳನ್ನು ಹಂಚಿಕೊಂಡು ಮೆಮೊರಿ ಉಳಿಯುತ್ತದೆ ಎಂಬ ಹಳೆಯ ಲೆಕ್ಕವನ್ನು ಈಗ ಹಿಡಿಯಬೇಡಿ. ಭದ್ರತೆಯ ಕಾರಣಕ್ಕೆ ವಿಎಂಗಳ ನಡುವಿನ ಆ ಹಂಚಿಕೆಯನ್ನು ವಿಎಂವೇರ್ ಡಿಫಾಲ್ಟ್ ಆಗಿಯೇ ನಿಲ್ಲಿಸಿದೆ.

ಪ್ರಾಕ್ಸ್‌ಮಾಕ್ಸ್‌ನಲ್ಲಿ ಡಿಫಾಲ್ಟ್ ಆಗಿ ಹೋಸ್ಟ್ ಮೆಮೊರಿ 80% ಮುಟ್ಟಿದಾಗ ಸ್ವಯಂ ಬಲೂನಿಂಗ್ ಶುರುವಾಗುತ್ತದೆ. ಹೈಪರ್-ವಿ ಡೈನಮಿಕ್ ಮೆಮೊರಿಯಲ್ಲಿ ಆವರೇಜ್ ಪ್ರೆಶರ್ 100 ದಾಟಿದರೆ ಕೊರತೆ.

ಹಂತ 5: ಇಳಿಸುವ ಕೆಲಸ

ಬಹಳಷ್ಟು ತಂಡಗಳು ಈ ಹಂತವನ್ನೇ ಹಾರಿ ಖರೀದಿಗೆ ಹೋಗುತ್ತವೆ. ಅಪ್ಲಿಕೇಶನ್ ತಂಡದವರ ಜೊತೆ ಜಗಳ ಬೇಡ ಎಂಬುದೇ ಕಾರಣ. ಆದರೆ ಹಣ ಉಳಿಯುವುದು ಇಲ್ಲಿಯೇ.

ಲೆಕ್ಕ ಹೀಗೆ: 8 ವಿಸಿಪಿಯು ವಿಎಂನ ಕೆಲಸದ ಹೊತ್ತಿನ 95ನೇ ಪರ್ಸೆಂಟೈಲ್ 22%. ಅಂದರೆ ನಿಜವಾಗಿ ಬೇಕಾದ್ದು 1.76 ವಿಸಿಪಿಯು. 70% ಬಳಕೆಯ ಗುರಿ ಇಟ್ಟರೆ 2.5. ಅದನ್ನು 4ಕ್ಕೆ ಏರಿಸಿಕೊಳ್ಳಿ. ಒಂದೇ ಏಟಿಗೆ 2ಕ್ಕೆ ಇಳಿಸಬೇಡಿ. ಒಮ್ಮೆಗೆ ಅರ್ಧಕ್ಕಿಂತ ಹೆಚ್ಚು ಕತ್ತರಿಸಬಾರದು, ಮೆಮೊರಿಯಲ್ಲಾದರೆ ಕಾಲು ಭಾಗಕ್ಕಿಂತ ಹೆಚ್ಚು ಬೇಡ. ಇಳಿಸಿದ ಮೇಲೆ ಒಂದು ತಿಂಗಳ ಕೊನೆ ದಾಟುವವರೆಗೆ ನೋಡಿ, ಆಮೇಲೆ ಮುಂದಿನ ಸುತ್ತು.

ಒಂದು ಗುರುತು ನೆನಪಿಡಿ. 8 ವಿಸಿಪಿಯು ವಿಎಂ ಸದಾ 12.5%ರ ಆಸುಪಾಸಿನಲ್ಲೇ ಅಂಟಿಕೊಂಡಿದ್ದರೆ, ಅದರೊಳಗೆ ಒಂದೇ ಥ್ರೆಡ್‌ನ ಕೆಲಸ ಒಂದು ಕೋರನ್ನು ಪೂರ್ತಿ ತಿನ್ನುತ್ತಿದೆ. ಅದಕ್ಕೆ 16 ವಿಸಿಪಿಯು ಕೊಟ್ಟರೂ ಉಪಯೋಗವಿಲ್ಲ. ಬೇಕಾದ್ದು ಹೆಚ್ಚು ಕ್ಲಾಕ್ ವೇಗದ ಕೋರ್, ಅಥವಾ ಕೋಡ್ ತಿದ್ದುವವರು.

ವಿಸ್ಫಿಯರ್‌ನಲ್ಲಿ ಓಡುತ್ತಿರುವ ವಿಎಂನಿಂದ ವಿಸಿಪಿಯು ತೆಗೆಯಲಾಗದು, ಶಟ್‌ಡೌನ್ ಬೇಕು. ಹಾಗಾಗಿ ತಿಂಗಳ ಪ್ಯಾಚಿಂಗ್ ಸಮಯಕ್ಕೇ ಇದನ್ನು ಸೇರಿಸಿಕೊಳ್ಳಿ. ಎಸ್‌ಕ್ಯೂಎಲ್ ಸರ್ವರ್ ವಿಎಂನ ಮೆಮೊರಿ ಇಳಿಸುವ ಮುನ್ನ ಅದರೊಳಗಿನ ಮ್ಯಾಕ್ಸ್ ಸರ್ವರ್ ಮೆಮೊರಿಯನ್ನು ಮೊದಲು ಇಳಿಸಿ. ಜಾವಾ ಆದರೆ ಹೀಪ್ ಗಾತ್ರವನ್ನು. ಇದನ್ನು ಮರೆತರೆ ವಿಎಂ ತನ್ನೊಳಗೇ ಪೇಜಿಂಗ್ ಶುರು ಮಾಡುತ್ತದೆ, ಮತ್ತು ಮೆಮೊರಿ ಇಳಿಸಿದ್ದೇ ತಪ್ಪಾಯಿತು ಎಂಬ ಮಾತು ನಿಮ್ಮ ತಲೆಗೆ ಬರುತ್ತದೆ.

ಯಾವುದರಿಂದ ಶುರು ಮಾಡುವುದು? ತಿಂಗಳಿಂದ ಯಾರೂ ಲಾಗಿನ್ ಆಗದ ಪರೀಕ್ಷಾ ವಿಎಂಗಳು ಮೊದಲು. ಆಮೇಲೆ ಕಂಪನಿ ಕಳಿಸಿದ ಕನಿಷ್ಠ ಅಗತ್ಯದ ಪಟ್ಟಿ ನೋಡಿ 16 ವಿಸಿಪಿಯು ಕೊಟ್ಟ ವಿಎಂಗಳು. ಅಂಥ ಪಟ್ಟಿಗಳು ಹಲವು ಸಲ ಭೌತಿಕ ಸರ್ವರ್ ಮನಸ್ಸಿನಲ್ಲಿಟ್ಟು ಬರೆದವು. ಡೇಟಾಬೇಸ್‌ಗಳು ಕಡೆಗೆ.

ನ್ಯೂಮಾ ಗಡಿಯನ್ನೂ (ಕೆಲವು ಕೋರ್ ಮತ್ತು ಅವಕ್ಕೆ ಹತ್ತಿರದ ಮೆಮೊರಿ ಸೇರಿ ಒಂದು ನೋಡ್) ಇದೇ ಹಂತದಲ್ಲಿ ನೋಡಿ. ನಮ್ಮ ಉದಾಹರಣೆಯ ಹೋಸ್ಟ್‌ನಲ್ಲಿ ಒಂದು ನ್ಯೂಮಾ ನೋಡ್ ಎಂದರೆ 16 ಕೋರ್, 256 ಜಿಬಿ. 20 ವಿಸಿಪಿಯು ವಿಎಂ ಎರಡು ನೋಡ್‌ಗೆ ಹರಡುತ್ತದೆ. 12 ವಿಸಿಪಿಯು ಮಾತ್ರ ಇದ್ದು 300 ಜಿಬಿ ಮೆಮೊರಿ ಇದ್ದರೂ ಒಂದಷ್ಟು ಪುಟಗಳು ದೂರದ ನೋಡ್‌ನಲ್ಲೇ ಇರುತ್ತವೆ, ಪ್ರತಿ ಓದಿಗೂ ತಡ. ಸಾಧ್ಯವಾದಷ್ಟು ಒಂದು ನೋಡ್‌ನೊಳಗೆ ಹಿಡಿಸಿ. ವಿಸ್ಫಿಯರ್ 7 ಮತ್ತು ಹಿಂದಿನ ಆವೃತ್ತಿಗಳಲ್ಲಿ ಸಿಪಿಯು ಹಾಟ್ ಆ್ಯಡ್ (ಓಡುತ್ತಿರುವಾಗಲೇ ವಿಸಿಪಿಯು ಸೇರಿಸುವ ಸೌಲಭ್ಯ) ಆನ್ ಮಾಡಿದರೆ ವಿಎಂಗೆ ನ್ಯೂಮಾ ವಿನ್ಯಾಸವೇ ಕಾಣುವುದಿಲ್ಲ; ದೊಡ್ಡ ಡೇಟಾಬೇಸ್ ವಿಎಂಗಳಲ್ಲಿ ಅದನ್ನು ಆಫ್ ಮಾಡಿ. ಎಎಂಡಿ ಎಪಿಕ್ ಸರ್ವರ್ ಆದರೆ ಬಯೋಸ್‌ನ ಎನ್‌ಪಿಎಸ್ (ಪ್ರತಿ ಸಾಕೆಟ್‌ಗೆ ಎಷ್ಟು ನೋಡ್) ಸೆಟ್ಟಿಂಗ್ ಮೇಲೆ ನೋಡ್ ಗಾತ್ರ ಬದಲಾಗುತ್ತದೆ, ಪ್ರೊಸೆಸರ್ ಎಣಿಸಿ ಊಹಿಸಬೇಡಿ.

ಉದಾಹರಣೆಯ ಕ್ಲಸ್ಟರ್‌ನಲ್ಲಿ ಎರಡು ಸುತ್ತಿನ ನಂತರ 420 ವಿಸಿಪಿಯು 300ಕ್ಕೆ, 1500 ಜಿಬಿ 1180ಕ್ಕೆ ಇಳಿಯಿತು ಎಂದಿಟ್ಟುಕೊಳ್ಳೋಣ.

ಹಂತ 6: ಡಿಸ್ಕ್ – ಜಾಗ ಬೇರೆ, ವೇಗ ಬೇರೆ

ಇವೆರಡನ್ನು ಎರಡು ಹಾಳೆಯಲ್ಲಿ ಲೆಕ್ಕ ಮಾಡಿ. ಜಾಗ ಧಾರಾಳ ಇದ್ದು ವೇಗ ಮುಗಿದ ಡೇಟಾಸ್ಟೋರ್‌ಗಳೇ ಹೆಚ್ಚು ತೊಂದರೆ ಕೊಡುವುದು.

ವೇಗಕ್ಕೆ ಇಎಸ್‌ಎಕ್ಸ್‌ಟಾಪ್‌ನಲ್ಲಿ ಮೂರು ಅಂಕಿ. ಡಿಎವಿಜಿ ಎಂದರೆ ಸ್ಟೋರೇಜ್ ಮತ್ತು ಅದರ ದಾರಿ ತೆಗೆದುಕೊಂಡ ಸಮಯ. ಕೆಎವಿಜಿ ಎಂದರೆ ಹೈಪರ್‌ವೈಸರ್ ಒಳಗೆ ಕಳೆದದ್ದು. ಎರಡೂ ಸೇರಿದರೆ ವಿಎಂಗೆ ಕಾಣುವ ಜಿಎವಿಜಿ. ಕೆಎವಿಜಿ 2 ಮಿಲಿಸೆಕೆಂಡ್ ದಾಟಿದರೆ ಹೋಸ್ಟ್‌ನ ಸರತಿ ತುಂಬಿದೆ. ಡಿಎವಿಜಿ ತಿರುಗುವ ಡಿಸ್ಕ್‌ನಲ್ಲಿ 20 ಮಿಲಿಸೆಕೆಂಡ್ ದಾಟಿ ನಿಂತರೆ ಪೆಟ್ಟಿಗೆಗೆ ಭಾರವಾಗಿದೆ. ಪೂರ್ತಿ ಫ್ಲ್ಯಾಶ್ ಆದರೆ 5 ಮಿಲಿಸೆಕೆಂಡ್ ಕಂಡಾಗಲೇ ಕಾರಣ ಹುಡುಕಿ.

ರೇಯ್ಡ್ (ದತ್ತಾಂಶ ಕಳೆಯದಂತೆ ಹಲವು ಡಿಸ್ಕ್ ಜೋಡಿಸುವ ವಿಧಾನ) ಬರಹದ ದಂಡವನ್ನು ಮರೆಯುವುದು ಸಾಮಾನ್ಯ ತಪ್ಪು. ವಿಎಂಗಳಿಂದ ಸೆಕೆಂಡಿಗೆ 10,000 ಕೋರಿಕೆ, 70% ಓದು, 30% ಬರಹ ಎನ್ನಿ. ಪ್ರತಿ ಬರಹಕ್ಕೆ ರೇಯ್ಡ್ 10ರಲ್ಲಿ 2, ರೇಯ್ಡ್ 5ರಲ್ಲಿ 4, ರೇಯ್ಡ್ 6ರಲ್ಲಿ 6 ಡಿಸ್ಕ್ ಕೆಲಸ. ಪೆಟ್ಟಿಗೆಯೊಳಗಿನ ಡಿಸ್ಕ್‌ಗಳ ಮೇಲೆ ಬೀಳುವುದು ಕ್ರಮವಾಗಿ 13,000, 19,000, 25,000. ಒಂದೇ ಕೆಲಸ, ಹೆಚ್ಚುಕಡಿಮೆ ಎರಡು ಪಟ್ಟು ವ್ಯತ್ಯಾಸ.

ಸರತಿಯ ಆಳವೂ ಮಿತಿಯೇ. ವಿಎಂವೇರ್‌ನ ವರ್ಚುವಲ್ ಡಿಸ್ಕ್ ಕಂಟ್ರೋಲರ್ ಆದ ಪಿವಿಎಸ್‌ಸಿಎಸ್‌ಐನಲ್ಲಿ ಡಿಫಾಲ್ಟ್ ಆಗಿ ಪ್ರತಿ ಡಿಸ್ಕ್‌ಗೆ 64 ಕೋರಿಕೆ ಒಟ್ಟಿಗೆ ನಿಲ್ಲಬಹುದು. ಪ್ರತಿಯೊಂದಕ್ಕೆ 2 ಮಿಲಿಸೆಕೆಂಡ್ ಆದರೆ ಸೆಕೆಂಡಿಗೆ 32,000 ಮುಗಿಯುತ್ತವೆ. 10 ಮಿಲಿಸೆಕೆಂಡ್ ಆದರೆ 6,400 ಮಾತ್ರ. ಭಾರಿ ಡೇಟಾಬೇಸ್‌ನ ಡೇಟಾ, ಲಾಗ್, ಟೆಂಪ್ ಡಿಸ್ಕ್‌ಗಳನ್ನು ಬೇರೆ ಬೇರೆ ಕಂಟ್ರೋಲರ್‌ಗೆ ಹಾಕಿ. ಒಂದು ವಿಎಂಗೆ ನಾಲ್ಕು ಇರಬಹುದು.

ಜಾಗದ ವಿಷಯದಲ್ಲಿ ಥಿನ್ ಪ್ರಾವಿಷನಿಂಗ್ (ಬರೆದಷ್ಟಕ್ಕೆ ಮಾತ್ರ ಜಾಗ ಹಿಡಿಯುವ ಹಂಚಿಕೆ) ಜೊತೆ ಎಚ್ಚರ. 20 ಟಿಬಿ ಡೇಟಾಸ್ಟೋರ್‌ನಲ್ಲಿ 34 ಟಿಬಿ ಹಂಚಿ, ಬಳಕೆ 14.5 ಟಿಬಿ ಇದ್ದರೆ ಇವತ್ತಿಗೆ ಪರವಾಗಿಲ್ಲ. ವಿಸೆಂಟರ್‌ನ ಡಿಫಾಲ್ಟ್ ಎಚ್ಚರಿಕೆ 75%ಕ್ಕೆ ಹಳದಿ, 85%ಕ್ಕೆ ಕೆಂಪು. ಡೇಟಾಸ್ಟೋರ್ ಪೂರ್ತಿ ತುಂಬಿದರೆ ಜಾಗ ಕೇಳಿದ ವಿಎಂಗಳೆಲ್ಲ ಒಟ್ಟಿಗೆ ನಿಂತುಹೋಗುತ್ತವೆ. ಲೆಕ್ಕದಲ್ಲಿ ಸ್ವ್ಯಾಪ್ ಕಡತವನ್ನೂ ಸೇರಿಸಿ: ವಿಎಂ ಆನ್ ಆದಾಗ ರಿಸರ್ವ್ ಮಾಡದ ಮೆಮೊರಿಯಷ್ಟೇ ದೊಡ್ಡ ಕಡತ ಹುಟ್ಟುತ್ತದೆ. ರಿಸರ್ವೇಶನ್ ಇಲ್ಲದೆ 1500 ಜಿಬಿ ಹಂಚಿದ್ದರೆ 1.5 ಟಿಬಿ ಅದಕ್ಕೇ ಹೋಯಿತು. ಹಂತ 5ರಲ್ಲಿ ಮೆಮೊರಿ ಇಳಿಸಿದ್ದರಿಂದ ಇಲ್ಲೂ 320 ಜಿಬಿ ಮರಳಿ ಸಿಗುತ್ತದೆ.

ಬ್ಯಾಕಪ್ ಹೊತ್ತನ್ನು ಪ್ರತ್ಯೇಕ ನೋಡಿ. 10 ಟಿಬಿ ಪೂರ್ಣ ಬ್ಯಾಕಪ್ ಸೆಕೆಂಡಿಗೆ 400 ಎಂಬಿ ವೇಗದಲ್ಲಿ ಸುಮಾರು 7 ಗಂಟೆ. ರಾತ್ರಿ 11ಕ್ಕೆ ಶುರುವಾದರೆ ಬೆಳಿಗ್ಗೆ 6. ದತ್ತಾಂಶ 14 ಟಿಬಿ ಆದ ದಿನ ಅದು ಕಚೇರಿ ತೆರೆಯುವ ಹೊತ್ತಿಗೆ ಕಾಲಿಡುತ್ತದೆ.

ಹಂತ 7: ನೆಟ್‌ವರ್ಕ್

10 ಗಿಗಾಬಿಟ್ ಕೊಂಡಿಯಲ್ಲಿ ಸೆಕೆಂಡಿಗೆ 1.25 ಜಿಬಿ ಮೇಲ್ಮಿತಿ. ಸಾಮಾನ್ಯ ವಿಎಂ ಸಂಚಾರ ಇದನ್ನು ತುಂಬುವುದು ವಿರಳ. ತುಂಬುವುದು ಬ್ಯಾಕಪ್, ವಿಮೋಷನ್ (ಓಡುತ್ತಿರುವ ವಿಎಂ ಅನ್ನು ಬೇರೆ ಹೋಸ್ಟ್‌ಗೆ ಸರಿಸುವುದು) ಮತ್ತು ಎನ್‌ಎಫ್‌ಎಸ್ ಅಥವಾ ಐಸ್ಕಸಿ ಸ್ಟೋರೇಜ್ ಒಂದೇ ತಂತಿಯಲ್ಲಿ ಓಡಿದಾಗ. ಅವನ್ನು ಬೇರ್ಪಡಿಸಿ, ವಿಎಂನ ನೆಟ್‌ವರ್ಕ್ ಅಡಾಪ್ಟರ್ ವಿಎಂಎಕ್ಸ್‌ನೆಟ್ 3 ಇರಲಿ. ಇಎಸ್‌ಎಕ್ಸ್‌ಟಾಪ್‌ನಲ್ಲಿ ಎನ್ ಒತ್ತಿದಾಗ ಬೀಳುವ ಪ್ಯಾಕೆಟ್‌ಗಳ ಕಾಲಂ ಸೊನ್ನೆಯಲ್ಲಿರಬೇಕು.

ಹಂತ 8: ಒಂದು ಹೋಸ್ಟ್ ಬಿದ್ದಿದೆ ಎಂದುಕೊಂಡೇ ಲೆಕ್ಕ ಮಾಡಿ

4 ಹೋಸ್ಟ್ ಇದ್ದರೆ ನಿಮ್ಮ ಸಾಮರ್ಥ್ಯ 3 ಹೋಸ್ಟ್‌ನದ್ದು. 128 ಕೋರ್ ಅಲ್ಲ, 96. 2048 ಜಿಬಿ ಅಲ್ಲ, 1536. ಹೈಪರ್‌ವೈಸರ್ ಮತ್ತು ವಿಎಂಗಳ ಹೆಚ್ಚುವರಿ ಖರ್ಚಿಗೆ ಸುಮಾರು 5% ಬಿಟ್ಟರೆ 1460 ಜಿಬಿ. ಹೈಪರ್‌ಥ್ರೆಡಿಂಗ್ ತೋರಿಸುವ ಎರಡು ಪಟ್ಟು ಅಂಕಿಯನ್ನು ಕೋರ್ ಎಂದು ಎಣಿಸಬೇಡಿ. ಅದರಿಂದ ಸಿಗುವ ಲಾಭ ಕೆಲಸದ ಮೇಲೆ ಅವಲಂಬಿತ, ಅದನ್ನು ಆಪತ್ತಿಗೆ ಇಟ್ಟುಕೊಳ್ಳಿ.

ಇಳಿಸುವ ಮುನ್ನ ಪ್ರತಿ ಕೋರ್‌ಗೆ ವಿಸಿಪಿಯು ಅನುಪಾತ ಕಾಗದದ ಮೇಲೆ 420ಕ್ಕೆ 128, ಅಂದರೆ 3.3. ಹೋಸ್ಟ್ ಬಿದ್ದ ಕ್ಷಣ ಅದು 4.4. ಇಳಿಸಿದ ಮೇಲೆ 300ಕ್ಕೆ 96, ಅಂದರೆ 3.1. ಅನುಪಾತಕ್ಕೆ ಎಲ್ಲರಿಗೂ ಒಪ್ಪುವ ಒಂದು ಸಂಖ್ಯೆ ಇಲ್ಲ. ಭಾರಿ ಡೇಟಾಬೇಸ್‌ಗಳಿಗೆ 1 ಅಥವಾ 2, ಮಿಶ್ರ ಕೆಲಸಕ್ಕೆ 3ರಿಂದ 4ರಲ್ಲಿ ಶುರು ಮಾಡಿ, ಹಂತ 3ರ ರೆಡಿ ಅಂಕಿ ನೋಡಿ ಬದಲಿಸುತ್ತ ಹೋಗಿ.

ಕೆಲಸದ ಹೊತ್ತಿನ 95ನೇ ಪರ್ಸೆಂಟೈಲ್‌ನಲ್ಲಿ ಕ್ಲಸ್ಟರ್ 66 ಕೋರ್‌ನಷ್ಟು ತಿನ್ನುತ್ತಿದೆ ಎನ್ನಿ. 96ರಲ್ಲಿ ಅದು 69%. ಮಿತಿ 75%, ಅಂದರೆ 72 ಕೋರ್. 75% ಯಾಕೆ, 95% ಯಾಕಲ್ಲ? ಒಂದೇ ಸರತಿಯ ಸರಳ ಮಾದರಿಯಲ್ಲಿ 50% ಬಳಕೆಯಾದಾಗ ಕೆಲಸ ಮುಗಿಯಲು ಎರಡು ಪಟ್ಟು ಹೊತ್ತು, 80%ರಲ್ಲಿ ಐದು ಪಟ್ಟು, 90%ರಲ್ಲಿ ಹತ್ತು ಪಟ್ಟು. ಕೋರ್‌ಗಳು ಹಲವಿದ್ದರೆ ಏರಿಕೆ ತಡವಾಗಿ ಶುರುವಾಗುತ್ತದೆ, ಆದರೆ ಶುರುವಾದ ಮೇಲೆ ಕಡಿದಾಗಿರುತ್ತದೆ.

ಮೆಮೊರಿ: 1460ರಲ್ಲಿ 1180, ಅಂದರೆ 81%. ಮಿತಿ 85% ಇಟ್ಟರೆ 1241 ಜಿಬಿ. ಎಲ್ಲರೂ ಸಿಪಿಯು ಸಾಲದು ಎನ್ನುತ್ತಿದ್ದ ಕ್ಲಸ್ಟರ್‌ನಲ್ಲಿ ನಿಜಕ್ಕೂ ಮುಗಿಯುತ್ತ ಬಂದಿರುವುದು ಮೆಮೊರಿ.

ಎಚ್‌ಎ ಅಡ್ಮಿಷನ್ ಕಂಟ್ರೋಲ್ (ಹೋಸ್ಟ್ ಬಿದ್ದರೆ ಅದರ ವಿಎಂಗಳನ್ನು ಬೇರೆಡೆ ಏಳಿಸಲು ಸಾಮರ್ಥ್ಯ ಕಾದಿಡುವ ವ್ಯವಸ್ಥೆ) ಆನ್ ಇದೆ, ಹಾಗಾಗಿ ಸುರಕ್ಷಿತ ಎಂದು ಬಿಡಬೇಡಿ. ಅದು ರಿಸರ್ವೇಶನ್ ಮಾತ್ರ ಎಣಿಸುತ್ತದೆ. ರಿಸರ್ವೇಶನ್ ಇಲ್ಲದ ವಿಎಂಗೆ ಅದು ಹಿಡಿಯುವ ಸಿಪಿಯು ಡಿಫಾಲ್ಟ್ ಆಗಿ 32 ಮೆಗಾಹರ್ಟ್ಸ್. ವಿಎಂಗಳು ಎದ್ದೇಳುತ್ತವೆ ಎಂಬ ಭರವಸೆ ಅದು, ಓಡುತ್ತವೆ ಎಂಬುದಲ್ಲ.

ಕಾಗದದ ಲೆಕ್ಕ ಮುಗಿದ ಮೇಲೆ ಪರೀಕ್ಷೆ. ಒಂದು ಹೋಸ್ಟ್ ಅನ್ನು ಮೇಂಟೆನೆನ್ಸ್ ಮೋಡ್‌ಗೆ ಹಾಕಿ, ಭಾನುವಾರ ರಾತ್ರಿ ಅಲ್ಲ, ವಾರದ ನಡುವೆ ಬೆಳಿಗ್ಗೆ 11ಕ್ಕೆ. ಸಂಬಂಧಪಟ್ಟವರಿಗೆ ಮೊದಲೇ ಹೇಳಿಡಿ. ಒಂದು ಗಂಟೆ ರೆಡಿ, ಬಲೂನ್, ಡಿಸ್ಕ್ ಸಮಯ ನೋಡಿ. ರೆಡಿ 10% ದಾಟಿದರೆ ಅಥವಾ ಸ್ವ್ಯಾಪ್ ಓದು ಶುರುವಾದರೆ ಕೂಡಲೇ ಹೋಸ್ಟ್ ವಾಪಸ್ ತನ್ನಿ.

ಹಂತ 9: ಬೆಳವಣಿಗೆ ಮತ್ತು ಆರ್ಡರ್ ಹಾಕುವ ದಿನ

ಕಳೆದ ಆರು ತಿಂಗಳ ತಿಂಗಳುವಾರು ಅಂಕಿ ಸಾಲಾಗಿ ಬರೆದು ಏರಿಕೆ ನೋಡಿ. ಉದಾಹರಣೆಯಲ್ಲಿ ಮೆಮೊರಿ ತಿಂಗಳಿಗೆ 18 ಜಿಬಿ ಏರುತ್ತಿದ್ದರೆ, 1180ರಿಂದ 1241ಕ್ಕೆ ಉಳಿದಿರುವುದು 61 ಜಿಬಿ, ಸುಮಾರು ಮೂರೂವರೆ ತಿಂಗಳು. ಕೊಟೇಶನ್, ಮಂಜೂರಾತಿ, ಪರ್ಚೇಸ್ ಆರ್ಡರ್, ಸಾಗಣೆ, ರ‍್ಯಾಕ್‌ಗೆ ಏರಿಸುವುದು ಎಲ್ಲ ಸೇರಿ ನಿಮ್ಮಲ್ಲಿ ನಾಲ್ಕು ತಿಂಗಳು ಹಿಡಿಯುತ್ತದೆ ಎಂದಾದರೆ ಈಗಾಗಲೇ ತಡವಾಗಿದೆ. ಇದೇ ಸೂತ್ರವನ್ನು ಡೇಟಾಸ್ಟೋರ್‌ಗೂ ಹಾಕಿ: 14.5 ಟಿಬಿ, ತಿಂಗಳಿಗೆ 0.3 ಟಿಬಿ ಏರಿಕೆ, 85% ಎಂದರೆ 17 ಟಿಬಿ. ಎಂಟು ತಿಂಗಳು ಕೈಯಲ್ಲಿದೆ.

ಸಾಲಿನ ಏರಿಕೆಗೆ ಸಿಗದ ಜಿಗಿತಗಳನ್ನು ಪ್ರತ್ಯೇಕ ಕೂಡಿಸಿ: ಹೊಸ ಇಆರ್‌ಪಿ, ಹೊಸ ಶಾಖೆ, ಹಳೆಯ ಭೌತಿಕ ಸರ್ವರ್‌ಗಳ ವರ್ಗಾವಣೆ. ಬಜೆಟ್ ಕೇಳುವ ಹೊತ್ತಿಗೆ ಈ ಎರಡು ಅಂಕಿ ಬೇರೆ ಬೇರೆ ತೋರಿಸಿದರೆ ವಾದ ಸುಲಭ.

ಖಾಲಿ ಮೆಮೊರಿ ಸ್ಲಾಟ್ ಇದ್ದರೆ ಹೊಸ ಹೋಸ್ಟ್‌ಗಿಂತ ಮೆಮೊರಿ ಏರಿಸುವುದೇ ಅಗ್ಗವಾಗಬಹುದು, ಆದರೆ ಎಲ್ಲ ಹೋಸ್ಟ್‌ಗಳಲ್ಲೂ ಸಮನಾಗಿ ಏರಿಸಬೇಕು. ಹೊಸ ಹೋಸ್ಟ್ ಆದರೆ ಕೆಲವು ದೊಡ್ಡವಕ್ಕಿಂತ ಹಲವು ಮಧ್ಯಮ ಗಾತ್ರದವು ವಾಸಿ: 4ರಲ್ಲಿ ಒಂದು ಬಿದ್ದರೆ ಕಾಲು ಭಾಗ ಹೋಯಿತು, 8ರಲ್ಲಿ ಒಂದಾದರೆ 12.5%. ಲೈಸೆನ್ಸ್ ಖರ್ಚು ಕೂಡ ಲೆಕ್ಕದಲ್ಲಿರಲಿ; ವಿಎಂವೇರ್ ಈಗ ಕೋರ್ ಎಣಿಸಿ ಹಣ ಕೇಳುತ್ತದೆ, ಪ್ರತಿ ಪ್ರೊಸೆಸರ್‌ಗೆ ಕನಿಷ್ಠ 16 ಕೋರ್.

ಹಂತ 10: ಬಾಗಿಲಲ್ಲಿ ಕಾವಲು

ಹೊಸ ವಿಎಂ ಕೇಳುವವರು ಒಂದು ಫಾರ್ಮ್ ತುಂಬಲಿ: ಮಾಲೀಕರು ಯಾರು, ಯಾವ ದಿನ ತೆಗೆದುಹಾಕಬಹುದು, ಒತ್ತಡದ ಹೊತ್ತು ಯಾವುದು. ಆರಂಭಕ್ಕೆ 2 ವಿಸಿಪಿಯು, 8 ಜಿಬಿ. ಹೆಚ್ಚು ಬೇಕಾದರೆ ಒಂದು ತಿಂಗಳ ಅಳತೆ ತೋರಿಸಬೇಕು. ಏರಿಸುವುದು ಸುಲಭ, ಇಳಿಸುವುದಕ್ಕೆ ಮೀಟಿಂಗ್ ಬೇಕು.

ಎಚ್ಚರಿಕೆ ಗಂಟೆಗಳನ್ನು ಕಾಯುವಿಕೆಯ ಮೇಲೆ ಕಟ್ಟಿ:

- ಪ್ರತಿ ವಿಸಿಪಿಯುಗೆ ರೆಡಿ 5% ಮೇಲೆ 15 ನಿಮಿಷ
- ಕೋ-ಸ್ಟಾಪ್ 3%
- ಯಾವುದೇ ಹೋಸ್ಟ್‌ನಲ್ಲಿ ಬಲೂನ್ ಅಥವಾ ಸ್ವ್ಯಾಪ್ ಓದು
- ಕೆಎವಿಜಿ 2 ಮಿಲಿಸೆಕೆಂಡ್
- 72 ಗಂಟೆ ದಾಟಿದ ಸ್ನ್ಯಾಪ್‌ಶಾಟ್
- ಬ್ಯಾಕಪ್ ಮುಗಿಯುವ ಸಮಯ ವಾರದಿಂದ ವಾರಕ್ಕೆ ಮುಂದೆ ಸರಿಯುವುದು

ಕೊನೆಯದನ್ನು ಹೆಚ್ಚಿನ ಉಪಕರಣಗಳು ತಾವಾಗಿ ಹೇಳುವುದಿಲ್ಲ, ಆದರೆ ಸ್ಟೋರೇಜ್ ಸೋಲುವ ಸುದ್ದಿ ಎಲ್ಲಕ್ಕಿಂತ ಮೊದಲು ಬರುವುದು ಅಲ್ಲಿಂದಲೇ.

ಹೊಸ ಹೋಸ್ಟ್ ಬಂದಾಗ ಕ್ಲಸ್ಟರ್‌ಗೆ ಸೇರಿಸುವ ಮುನ್ನ ಇವಿಸಿ ಮೋಡ್ (ಎಲ್ಲ ಹೋಸ್ಟ್‌ಗಳ ಪ್ರೊಸೆಸರ್‌ಗಳನ್ನು ಒಂದೇ ಮಟ್ಟದಲ್ಲಿ ತೋರಿಸುವ ಸೆಟ್ಟಿಂಗ್) ನೋಡಿ. ಹಳೆಯ ಪೀಳಿಗೆಯ ಪ್ರೊಸೆಸರ್‌ಗಳ ಮಟ್ಟಕ್ಕೆ ಅದು ಹೊಂದಿರದಿದ್ದರೆ, ಹೊಸ ಹೋಸ್ಟ್‌ನಲ್ಲಿ ಆನ್ ಆದ ವಿಎಂ ಹಳೆಯದಕ್ಕೆ ವಿಮೋಷನ್ ಆಗಲಾರದು. ಇಂಟೆಲ್ ಕ್ಲಸ್ಟರ್‌ಗೆ ಎಎಂಡಿ ಹೋಸ್ಟ್ ತಂದರೆ ಇವಿಸಿಯೂ ಕೈಹಿಡಿಯದು. ಅದಕ್ಕೆ ಬೇರೆ ಕ್ಲಸ್ಟರ್ ಮಾಡಬೇಕು, ಅದಕ್ಕೂ ಒಂದು ಹೋಸ್ಟ್ ಬಿಟ್ಟು ಹಂತ 8ರ ಲೆಕ್ಕ ಹಾಕಬೇಕು.